ಮೀಟರ್ ಬೋರ್ಡಿನ ಹಳದಿ ದೀಪ: ಟೈರ್ ಗಾಳಿಯ ಎಚ್ಚರಿಕೆ ಎಲ್ಲಿಂದ ಬಂತು?

ಕಳೆದ ಡಿಸೆಂಬರಿನಲ್ಲಿ ಒಂದು ವರದಿಗಾಗಿ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬಾಡಿಗೆ ಕಾರಿನಲ್ಲಿ ಹೊರಟಿದ್ದೆವು. ಬೆಳಗಿನ ಆರು ಗಂಟೆ, ಒಳ್ಳೆ ಚಳಿ. ಹೆದ್ದಾರಿಗೆ ಹತ್ತಿದ ಮೇಲೆ ನೋಡುತ್ತೇವೆ, ಮೀಟರ್ ಬೋರ್ಡಿನ ಒಂದು ಮೂಲೆಗೆ ಉಗುರಿನಷ್ಟು ಅಗಲದ ಕಪ್ಪು ಟೇಪ್ ಅಂಟಿಸಿದೆ. ಟೇಪಿನ ಅಂಚಿನಿಂದ ಹಳದಿ ಬೆಳಕು ಇಣುಕುತ್ತಿದೆ.

"ಇದೇನಣ್ಣ?" ಅಂತ ಕೇಳಿದೆವು.

"ಅದು ಟೈರ್ ಲೈಟ್ ಸಾರ್. ಎಂಟು ತಿಂಗಳಿಂದ ಹಂಗೇ ಹತ್ಕೊಂಡಿದೆ. ಗಾಳಿ ಹಾಕ್ಸಿದ್ರೂ ಹೋಗಲ್ಲ. ರಾತ್ರಿ ಕಣ್ಣಿಗೆ ಹೊಡೀತಿತ್ತು, ಟೇಪ್ ಹಚ್ಬಿಟ್ಟೆ" ಅಂದರು ಡ್ರೈವರ್.

ಗಾಡಿ ಅವರದೇ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಒಳ್ಳೆಯ ಡ್ರೈವರ್, ನಿಧಾನಸ್ಥ. ಅವರನ್ನು ತಪ್ಪು ಅನ್ನುವ ಹಾಗೂ ಇರಲಿಲ್ಲ. ಎಂಟು ತಿಂಗಳು ಒಂದೇ ಸಮನೆ ಹತ್ತಿಕೊಂಡಿರುವ ದೀಪವನ್ನು ಯಾರು ನಂಬುತ್ತಾರೆ? ಆದರೆ ಆ ದೀಪ ಕಾರಿನೊಳಗೆ ಬಂದದ್ದು ಹೇಗೆ ಎಂದು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಒಂದು ದೊಡ್ಡ ಕಥೆ. ಅದರಲ್ಲಿ ಸತ್ತವರಿದ್ದಾರೆ, ಕೋರ್ಟ್ ಇದೆ, ನಮ್ಮಂಥ ಸ್ಥಳೀಯ ವರದಿಗಾರರೂ ಇದ್ದಾರೆ. ಆ ಕಥೆ ಗೊತ್ತಾದರೆ ದೀಪ ಯಾಕೆ ಆರುತ್ತಿಲ್ಲ ಎಂಬುದೂ ಅರ್ಧ ಅರ್ಥವಾಗುತ್ತದೆ.

ಚಕ್ರದೊಳಗೆ ಗಾಳಿ ಬಂದ ಕಾಲ

ಕಬ್ಬಿಣದ ಪಟ್ಟಿ ಹೊಡೆದ ಮರದ ಚಕ್ರಕ್ಕೆ ಪಂಕ್ಚರ್ ಭಯವಿಲ್ಲ, ಗಾಳಿ ನೋಡುವ ಕೆಲಸವೂ ಇಲ್ಲ. ಆದರೆ ಅದೇ ಗಾಡಿಗೆ ಟೈರ್ ಹಾಕಿಸಿದಾಗ ಎತ್ತುಗಳಿಗೆ ಎಷ್ಟು ಹಗುರವಾಯಿತು ಎಂಬುದು ಟೈರ್ ಗಾಡಿ ಹೂಡಿದವರಿಗೆಲ್ಲ ಗೊತ್ತು. ಭಾರ ಹೊರುವುದು ರಬ್ಬರಲ್ಲ, ಅದರೊಳಗಿನ ಗಾಳಿ.

ಗಾಳಿ ತುಂಬಿದ ಚಕ್ರಕ್ಕೆ ಮೊದಲು ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಕುದುರೆ ಗಾಡಿಗಳ ಆ ಕಾಲದಲ್ಲಿ ಅದು ನಡೆಯಲಿಲ್ಲ, ಜನ ಮರೆತೇಬಿಟ್ಟರು. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿಯ ಟೈರ್ ಮಾಡಿದಾಗ ಅದು ಮತ್ತೆ ಹುಟ್ಟಿತು. 1895ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಹೋದರರು ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ಬರುವ ಓಟದಲ್ಲಿ ಗಾಳಿ ಟೈರಿನ ಕಾರು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರ್ ಹಾಕಿಕೊಂಡೇ ಹೋದರು. ಅದೇ ದಶಕದಲ್ಲಿ ನ್ಯೂಯಾರ್ಕಿನ ಆಗಸ್ಟ್ ಶ್ರೇಡರ್ ಟೈರಿಗೆ ವಾಲ್ವ್ ಮಾಡಿದರು. ಇವತ್ತು ನಿಮ್ಮ ಬೈಕಿಗೆ, ಕಾರಿಗೆ, ಟ್ರ್ಯಾಕ್ಟರಿಗೆ ಗಾಳಿ ಹಾಕಿಸುವ ವಾಲ್ವ್ ಬಹುತೇಕ ಅದೇ ಮಾದರಿಯದು.

ಗಾಳಿ ಬಂತು, ಜೊತೆಗೆ ಗಾಳಿ ಇಳಿಯುವುದೂ ಬಂತು. ಯಾವ ಮೊಳೆಯೂ ಚುಚ್ಚದೆ ಇದ್ದರೂ ಒಳ್ಳೆಯ ಟೈರಿನಿಂದ ತಿಂಗಳಿಗೆ ಸುಮಾರು 1 ಪಿಎಸ್‌ಐ ಗಾಳಿ ತಾನಾಗಿ ಇಳಿಯುತ್ತದೆ. (ಪಿಎಸ್‌ಐ ಅಂದರೆ ಇಲ್ಲಿ ಪೊಲೀಸ್ ಠಾಣೆಯವರಲ್ಲ, ಗಾಳಿಯ ಒತ್ತಡದ ಅಳತೆ. ಗಾಳಿ ಅಂಗಡಿಯಲ್ಲಿ "ಮೂವತ್ಮೂರು ಹಾಕಪ್ಪ" ಅನ್ನುತ್ತೇವಲ್ಲ, ಅದೇ.)

ಹಳೆಯ ಕಾಲದ ಟೈರುಗಳಲ್ಲಿ ಗಾಳಿ ಇಳಿದರೆ ಕಣ್ಣಿಗೆ ಕಾಣುತ್ತಿತ್ತು. 1946ರಲ್ಲಿ ಮಿಶೆಲಿನ್ ಕಂಪನಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಮುಂದಿನ ದಶಕಗಳಲ್ಲಿ ಕಾರುಗಳೆಲ್ಲ ಅದಕ್ಕೇ ಬದಲಾದವು. ರೇಡಿಯಲ್ ಟೈರಿನ ಪಕ್ಕದ ಗೋಡೆ ಮೆತ್ತಗೆ, ಸರಿಯಾಗಿ ಗಾಳಿ ಇದ್ದರೂ ನೆಲದ ಹತ್ತಿರ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ. ಕಾಲು ಭಾಗ ಗಾಳಿ ಇಳಿದರೂ ನೋಡಿದವರಿಗೆ ತಿಳಿಯುವುದು ಕಷ್ಟ. ಕಾಲಲ್ಲಿ ಒದ್ದು ನೋಡುವ ನಮ್ಮ ಪದ್ಧತಿ ಅಲ್ಲಿಗೇ ಕೆಲಸಕ್ಕೆ ಬಾರದಾಯಿತು.

ಹಾಗಾಗಿ ಯಂತ್ರದಿಂದಲೇ ಗಾಳಿ ಅಳೆಸುವ ಯೋಚನೆ ಬಂತು. 1986ರ ಪೋರ್ಷೆ 959 ಕಾರಿನಲ್ಲಿ ಟೈರ್ ಒತ್ತಡ ನೋಡುವ ವ್ಯವಸ್ಥೆ ಇತ್ತು. ಆದರೆ ಅದು ಶ್ರೀಮಂತರ ಕಾರು. ಸಾಮಾನ್ಯ ಕಾರಿಗೆ ಇದನ್ನು ಹಾಕಿ ಎಂದು ಆಗ ಯಾವ ಸರ್ಕಾರವೂ ಹೇಳಲಿಲ್ಲ. ಹೇಳಿಸಲು ಜನ ಸಾಯಬೇಕಾಯಿತು.

ಹ್ಯೂಸ್ಟನ್ನಿನ ವರದಿ

1990ರ ದಶಕದ ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ಬಹಳ ಮಾರಾಟವಾಗುತ್ತಿದ್ದ ಗಾಡಿ. ಎತ್ತರದ, ಕುಟುಂಬದ ಗಾಡಿ. ಅದರಲ್ಲಿ ಬಹಳಷ್ಟಕ್ಕೆ ಫೈರ್‌ಸ್ಟೋನ್ ಟೈರ್. ಟೆಕ್ಸಾಸ್‌ನಂಥ ಬಿಸಿಲಿನ ರಾಜ್ಯಗಳಲ್ಲಿ ವೇಗವಾಗಿ ಹೋಗುವಾಗ ಟೈರಿನ ಮೇಲ್ಪದರವೇ ಕಿತ್ತು ಹಾರುವುದು, ಗಾಡಿ ಪಲ್ಟಿಯಾಗುವುದು ನಡೆಯುತ್ತಿತ್ತು. ಪ್ರತಿಯೊಂದೂ ಬೇರೆ ಬೇರೆ ಊರಿನ ಒಂದೊಂದು ಅಪಘಾತದ ಸುದ್ದಿ. ಜೋಡಿಸಿ ನೋಡಿದವರು ಕಡಿಮೆ.

2000ದ ಫೆಬ್ರವರಿಯಲ್ಲಿ ಹ್ಯೂಸ್ಟನ್ ನಗರದ ಕೆಎಚ್‌ಒಯು ಎಂಬ ಸ್ಥಳೀಯ ಟಿವಿ ವಾಹಿನಿ ಅದನ್ನು ಜೋಡಿಸಿತು. ವರದಿಗಾರ್ತಿ ಆನಾ ವರ್ನರ್ ಮತ್ತು ಅವರ ತಂಡ ಒಂದೇ ಕಂಪನಿಯ ಟೈರ್, ಒಂದೇ ಮಾದರಿಯ ಗಾಡಿ, ಒಂದೇ ಥರದ ಸಾವು ಎಂಬುದನ್ನು ತೋರಿಸಿದರು. ಟೈರ್ ಕಂಪನಿ ವಾಹಿನಿಗೆ ಖಾರವಾದ ಪತ್ರ ಬರೆಯಿತು. ಆದರೆ ವರದಿ ನೋಡಿದ ಜನ ತಮಗಾದದ್ದನ್ನು ಹೇಳಿಕೊಳ್ಳಲು ಶುರು ಮಾಡಿದರು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಗೆ ದೂರುಗಳು ಹೋದವು. ಮೇ ತಿಂಗಳಲ್ಲಿ ಇಲಾಖೆ ತನಿಖೆ ಆರಂಭಿಸಿತು. ಆಗಸ್ಟ್ 9ರಂದು ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಪಡೆಯುವುದಾಗಿ ಘೋಷಿಸಿತು. ಈ ಟೈರುಗಳಿಗೆ ಸಂಬಂಧಿಸಿ ಇಲಾಖೆಗೆ ವರದಿಯಾದ ಸಾವುಗಳ ಲೆಕ್ಕ ಕೊನೆಗೆ 271ಕ್ಕೆ ಮುಟ್ಟಿತು. ಅದು ಅಮೆರಿಕದ ಲೆಕ್ಕ ಮಾತ್ರ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಚ್ಚರಿಕೆ ಮೊದಲೇ ಬಂದಿತ್ತು. 1998ರಲ್ಲೇ ಸ್ಟೇಟ್ ಫಾರ್ಮ್ ಎಂಬ ವಿಮಾ ಕಂಪನಿಯ ನೌಕರ ಸ್ಯಾಮ್ ಬಾಯ್ಡನ್ ಇಂಥ 21 ಪ್ರಕರಣಗಳನ್ನು ಗುರುತಿಸಿ ಸುರಕ್ಷತಾ ಇಲಾಖೆಗೆ ತಿಳಿಸಿದ್ದರು. ಏನೂ ಆಗಲಿಲ್ಲ. 1999ರಲ್ಲಿ ಫೋರ್ಡ್ ಕಂಪನಿ ಸೌದಿ ಅರೇಬಿಯಾದಲ್ಲಿ ಗ್ರಾಹಕರ ಟೈರುಗಳನ್ನು ಬದಲಿಸಿ ಕೊಡಲು ಶುರು ಮಾಡಿತ್ತು. ಹೊರದೇಶದಲ್ಲಿ ಹೀಗೆ ಮಾಡಿದ್ದನ್ನು ಅಮೆರಿಕದ ಸರ್ಕಾರಕ್ಕೆ ಹೇಳಬೇಕೆಂಬ ಕಾನೂನು ಆಗ ಇರಲಿಲ್ಲ. ನಮ್ಮ ಡ್ರೈವರಣ್ಣ ದೀಪಕ್ಕೆ ಟೇಪ್ ಹಚ್ಚಿದರು ಎಂದು ನಾವು ನಗಬಹುದು. ದೊಡ್ಡ ಕಚೇರಿಗಳಲ್ಲೂ ಎರಡು ವರ್ಷ ಅದೇ ನಡೆದಿತ್ತು.

30ರ ಬದಲು 26

ಆಮೇಲೆ ಎರಡು ಕಂಪನಿಗಳ ನಡುವೆ ಜಗಳ ಹತ್ತಿತು. ಟೈರೇ ಕೆಟ್ಟದ್ದು ಎಂದಿತು ಫೋರ್ಡ್. ಗಾಡಿಯೇ ಪಲ್ಟಿಯಾಗುವಂಥದ್ದು, ಗಾಳಿಯನ್ನೂ ಕಡಿಮೆ ಹೇಳಿದ್ದಾರೆ ಎಂದಿತು ಫೈರ್‌ಸ್ಟೋನ್. ಎಕ್ಸ್‌ಪ್ಲೋರರ್‌ಗೆ ಫೋರ್ಡ್ ಹೇಳಿದ್ದು 26 ಪಿಎಸ್‌ಐ. ಟೈರ್ ಕಂಪನಿ 30 ಹಾಕಿ ಎಂದಿತು. ನಮ್ಮಲ್ಲಿ ಈಗ ಎಷ್ಟೋ ಕಾರುಗಳಿಗೆ 33ರ ಆಸುಪಾಸು ಇರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ 26 ಎಷ್ಟು ಮೆತ್ತಗೆ ಎಂದು ಅಂದಾಜಾಗುತ್ತದೆ. ಹೆನ್ರಿ ಫೋರ್ಡ್ ಮತ್ತು ಹಾರ್ವೆ ಫೈರ್‌ಸ್ಟೋನ್ ಗೆಳೆಯರು. ಮೊಮ್ಮಕ್ಕಳ ಕಾಲಕ್ಕೆ ಎರಡೂ ಮನೆಗಳು ಬೀಗರೂ ಆಗಿದ್ದವು. ಸುಮಾರು 95 ವರ್ಷದ ಆ ವ್ಯಾಪಾರದ ನಂಟು 2001ರ ಮೇ ತಿಂಗಳಲ್ಲಿ ಮುರಿದುಬಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಸುರಕ್ಷತಾ ಇಲಾಖೆ ಕೆಲವು ಟೈರುಗಳಲ್ಲಿ ದೋಷವಿದೆ ಎಂದು ಹೇಳಿತು.

ಗಾಳಿ ಕಡಿಮೆಯಾದರೆ ಏನಾಗುತ್ತದೆ? ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಳ್ಳುತ್ತದೆ. ಒಂದು ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ಬಗ್ಗಿಸಿದ ಜಾಗ ಬಿಸಿಯಾಗುವುದನ್ನು ನೋಡಿದ್ದೀರಲ್ಲ, ಹಾಗೆಯೇ. ವೇಗ, ಬಿಸಿಲು, ತುಂಬಿದ ಗಾಡಿ ಮೂರೂ ಸೇರಿದರೆ ಒಳಗಿನ ಪದರಗಳ ಅಂಟು ಬಿಡುತ್ತದೆ. ದೋಷವಿರುವ ಟೈರು ಮೊದಲು ಹೋಗುತ್ತದೆ, ಒಳ್ಳೆಯ ಟೈರು ಸ್ವಲ್ಪ ತಡೆದು ಹೋಗುತ್ತದೆ. ಜಗಳದಲ್ಲಿ ಯಾರು ಸರಿ ಎಂಬುದು ಏನೇ ಇರಲಿ, ಗಾಳಿ ಇಳಿದದ್ದು ಚಾಲಕನಿಗೆ ತಿಳಿಯಬೇಕು ಎಂಬುದು ಅಮೆರಿಕದ ಸಂಸತ್ತಿಗೆ ಮನವರಿಕೆಯಾಯಿತು. 2000ದ ನವೆಂಬರ್ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಟ್ರೆಡ್ ಕಾಯ್ದೆಯಲ್ಲಿ ಎರಡು ಮುಖ್ಯ ಮಾತು ಸೇರಿದವು. ಹೊರದೇಶದಲ್ಲಿ ಟೈರ್ ವಾಪಸ್ ಪಡೆದರೂ ಸರ್ಕಾರಕ್ಕೆ ತಿಳಿಸಬೇಕು. ಹೊಸ ಗಾಡಿಗಳಲ್ಲಿ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ ಇರಬೇಕು.

ಕೋರ್ಟಿನಲ್ಲಿ ಟೈರ್ ದೀಪ

ಎಚ್ಚರಿಸುವ ದಾರಿ ಎರಡಿದ್ದವು. ಒಂದು ನೇರ ವಿಧಾನ: ಪ್ರತಿ ಚಕ್ರದೊಳಗೆ ವಾಲ್ವ್ ಬುಡದಲ್ಲಿ ಪುಟ್ಟ ಸೆನ್ಸರ್, ಅದಕ್ಕೊಂದು ಬ್ಯಾಟರಿ. ಅದು ಗಾಳಿ ಅಳೆದು ರೇಡಿಯೋ ಮೂಲಕ ಕಾರಿಗೆ ತಿಳಿಸುತ್ತದೆ. ಇದಕ್ಕೆ ಖರ್ಚು ಹೆಚ್ಚು. ಇನ್ನೊಂದು ಅಡ್ಡ ವಿಧಾನ: ಗಾಳಿ ಇಳಿದ ಚಕ್ರ ಸ್ವಲ್ಪ ಕುಗ್ಗಿ, ಉಳಿದ ಚಕ್ರಗಳಿಗಿಂತ ತುಸು ಬೇಗ ಸುತ್ತುತ್ತದೆ. ಎಬಿಎಸ್ ಬ್ರೇಕಿಗೆ ಚಕ್ರದ ವೇಗ ನೋಡುವ ಸೆನ್ಸರ್ ಹೇಗೂ ಇರುತ್ತದೆ, ಅದರಿಂದಲೇ ಲೆಕ್ಕ ಹಾಕಬಹುದು. ಇದು ಅಗ್ಗ. ಆದರೆ ನಾಲ್ಕೂ ಚಕ್ರದಲ್ಲಿ ಒಂದೇ ಸಮ ಗಾಳಿ ಇಳಿದರೆ ನಾಲ್ಕೂ ಒಂದೇ ವೇಗದಲ್ಲಿ ಸುತ್ತುತ್ತವೆ. ಆಗಿನ ಅಡ್ಡ ವಿಧಾನಕ್ಕೆ ಅದು ಗೊತ್ತೇ ಆಗುತ್ತಿರಲಿಲ್ಲ.

2002ರಲ್ಲಿ ಸುರಕ್ಷತಾ ಇಲಾಖೆ ಹೊರಡಿಸಿದ ನಿಯಮ ಕಂಪನಿಗಳಿಗೆ ಆಯ್ಕೆ ಕೊಟ್ಟಿತು. ನಾಲ್ಕರಲ್ಲಿ ಎಷ್ಟು ಚಕ್ರದಲ್ಲಿ ಶೇ. 25 ಇಳಿದರೂ ತಿಳಿಸಿ, ಇಲ್ಲವೇ ಯಾವುದಾದರೂ ಒಂದು ಚಕ್ರದಲ್ಲಿ ಶೇ. 30 ಇಳಿದರೆ ತಿಳಿಸಿ, ಅಷ್ಟು ಸಾಕು. ಪಬ್ಲಿಕ್ ಸಿಟಿಜನ್ ಎಂಬ ಗ್ರಾಹಕ ಸಂಘಟನೆ ಮತ್ತು ಅದರ ಜೊತೆಗಾರರು ಕೋರ್ಟಿಗೆ ಹೋದರು. ಕಾಯ್ದೆ ಹೇಳಿದ್ದು ಗಾಳಿ ಇಳಿದರೆ ತಿಳಿಸಿ ಎಂದು, ಒಂದೇ ಟೈರ್ ಇಳಿದರೆ ಮಾತ್ರ ತಿಳಿಸಿ ಎಂದಲ್ಲ ಎಂಬುದು ಅವರ ವಾದ. 2003ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು.

2005ರ ಏಪ್ರಿಲ್‌ನಲ್ಲಿ ಹೊಸ ನಿಯಮ ಬಂತು. ಒಂದೇ ಇರಲಿ, ನಾಲ್ಕೂ ಇರಲಿ, ಹೇಳಿದ ಒತ್ತಡಕ್ಕಿಂತ ಶೇ. 25 ಇಳಿದರೆ 20 ನಿಮಿಷದೊಳಗೆ ದೀಪ ಹತ್ತಬೇಕು. ವ್ಯವಸ್ಥೆಯೇ ಕೆಟ್ಟರೂ ಚಾಲಕನಿಗೆ ತಿಳಿಸಬೇಕು. ಅದಕ್ಕೆ ಅದೇ ದೀಪ ಬಳಸಿದರೆ ಮೊದಲು 60ರಿಂದ 90 ಸೆಕೆಂಡ್ ಮಿನುಗಿ, ಆಮೇಲೆ ಹತ್ತಿಕೊಂಡೇ ಇರಬೇಕು. 2007ರ ಸೆಪ್ಟೆಂಬರಿನಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೆ ಬಂತು. ಅಡ್ಡ ವಿಧಾನದವರೂ ಸುಮ್ಮನಿರಲಿಲ್ಲ. ಚಕ್ರದ ಅದುರುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಾಲ್ಕೂ ಇಳಿದದ್ದನ್ನು ಗುರುತಿಸುವುದನ್ನು ಕಲಿತರು.

ನಮ್ಮಲ್ಲಿ ಸ್ಟೆಪ್ನಿ ಹೋದ ಕಥೆ

ನಮ್ಮ ದೇಶದಲ್ಲಿ ಈ ದೀಪ ಕಾನೂನಿನೊಳಗೆ ಬಂದದ್ದು ಬೇರೆ ಬಾಗಿಲಿನಿಂದ. 2020ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಚಾಲಕನನ್ನು ಬಿಟ್ಟು ಎಂಟು ಸೀಟಿನವರೆಗಿನ, 3.5 ಟನ್ ಒಳಗಿನ ಗಾಡಿಗೆ ಟ್ಯೂಬ್‌ಲೆಸ್ ಟೈರ್, ಪಂಕ್ಚರ್ ಕಿಟ್ ಮತ್ತು ಗಾಳಿ ಎಚ್ಚರಿಕೆಯ ವ್ಯವಸ್ಥೆ ಮೂರೂ ಇದ್ದರೆ ಸ್ಟೆಪ್ನಿ ಕೊಡಬೇಕಾಗಿಲ್ಲ ಎಂದಿತು.

ಅಂದರೆ ಅಂಥ ಗಾಡಿಯಲ್ಲಿ ಸ್ಟೆಪ್ನಿಯ ಜಾಗದಲ್ಲಿ ಕೂತಿರುವುದು ಈ ದೀಪ. ಊರು ದೂರ, ಪಂಕ್ಚರ್ ಅಂಗಡಿ ಇನ್ನೂ ದೂರ ಇರುವ ನಮ್ಮ ಕಡೆ ರಸ್ತೆಗಳಲ್ಲಿ ಆ ದೀಪಕ್ಕೆ ಟೇಪ್ ಹಚ್ಚಿದರೆ ಸ್ಟೆಪ್ನಿಯನ್ನು ಮನೆಯಲ್ಲಿ ಇಟ್ಟು ಬಂದ ಹಾಗೆ.

ಹಾಗಾದರೆ ದೀಪ ಯಾಕೆ ಆರುವುದಿಲ್ಲ?

ಮೇಲಿನ ಚರಿತ್ರೆಯಲ್ಲೇ ಉತ್ತರವಿದೆ.

ಮೊದಲು, ಕಾರು ಸ್ಟಾರ್ಟ್ ಮಾಡಿದಾಗ ದೀಪ ಹೇಗೆ ಹತ್ತುತ್ತದೆ ನೋಡಿ. ಎಲ್ಲ ದೀಪಗಳ ಜೊತೆ ಒಮ್ಮೆ ಹತ್ತಿ ಆರುವುದು ಸಹಜ. ಮಿನುಗದೆ ಹತ್ತಿಕೊಂಡೇ ಇದ್ದರೆ ಗಾಳಿ ಇಳಿದಿದೆ ಎಂದೇ ತಿಳಿಯಿರಿ. ಒಂದು ನಿಮಿಷದಷ್ಟು ಮಿನುಗಿ ಆಮೇಲೆ ನಿಂತರೆ, ಬಹಳಷ್ಟು ಕಾರುಗಳಲ್ಲಿ ಅದರ ಅರ್ಥ ವ್ಯವಸ್ಥೆಯೇ ಕೆಟ್ಟಿದೆ ಎಂದು.

ಗಾಳಿ ನೋಡುವುದು ಬೆಳಗ್ಗೆ, ಗಾಡಿ ಓಡಿಸುವ ಮೊದಲು. ಎಷ್ಟು ಇರಬೇಕು ಎಂಬುದು ಚಾಲಕನ ಬಾಗಿಲ ಚೌಕಟ್ಟಿನ ಹತ್ತಿರದ ಸ್ಟಿಕ್ಕರಿನಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಟೈರಿನ ಮೇಲೆ ಅಚ್ಚಾಗಿರುವ ದೊಡ್ಡ ಸಂಖ್ಯೆ ಆ ಟೈರ್ ತಡೆಯುವ ಮಿತಿ, ಹಾಕಿಸಬೇಕಾದ ಅಳತೆ ಅಲ್ಲ. ನಾಲ್ಕೂ ನೋಡಿ. ಕೆಲವು ಗಾಡಿಗಳಲ್ಲಿ ಸ್ಟೆಪ್ನಿಗೂ ಸೆನ್ಸರ್ ಇರುತ್ತದೆ, ಅದನ್ನೂ ನೋಡಿ. ನಾಲ್ಕು ಚಕ್ರಕ್ಕೆ ಗಾಳಿ ಹಾಕಿಸಿದರೂ ಡಿಕ್ಕಿಯಲ್ಲಿರುವ ಐದನೆಯದು ದೀಪ ಹತ್ತಿಸುತ್ತಿರಬಹುದು.

ಬೆಳಗ್ಗೆ ಹತ್ತಿ ಮಧ್ಯಾಹ್ನ ಆರುವ ದೀಪಕ್ಕೆ ದೆವ್ವ ಹಿಡಿದಿಲ್ಲ. ತಾಪಮಾನ ಸುಮಾರು 5.5 ಡಿಗ್ರಿ ಇಳಿದರೆ ಟೈರಿನಲ್ಲಿ 1 ಪಿಎಸ್‌ಐ ಇಳಿಯುತ್ತದೆ. 33 ಇರಬೇಕಾದ ಟೈರಿನಲ್ಲಿ ಮಧ್ಯಾಹ್ನದ 36 ಡಿಗ್ರಿ ಬಿಸಿಲಿಗೆ 28 ಇದೆ ಎನ್ನಿ. ಬೆಳಗಿನ ಜಾವ 14 ಡಿಗ್ರಿಗೆ ಇಳಿದರೆ ಅದು 24 ಆಗುತ್ತದೆ. 33ರಲ್ಲಿ ಶೇ. 25 ಕಳೆದರೆ ಸುಮಾರು 25. ಗಡಿ ದಾಟಿತು, ದೀಪ ಹತ್ತಿತು. ಬಿಸಿಲೇರಿದಾಗ ಆರಿತು ಅಂದರೆ ಗಾಳಿ ಸರಿಯಾಯಿತು ಅಂತಲ್ಲ.

ಗಾಳಿ ಸರಿ ಇದ್ದೂ ದೀಪ ಆರದಿದ್ದರೆ ನಿಮ್ಮ ಗಾಡಿಯದು ಯಾವ ವಿಧಾನ ಎಂದು ತಿಳಿದುಕೊಳ್ಳಿ. ಅಡ್ಡ ವಿಧಾನದ ಗಾಡಿಯಲ್ಲಿ ಗಾಳಿ ಹಾಕಿಸಿದ ಮೇಲೆ, ಟೈರ್ ಬದಲಿಸಿದ ಮೇಲೆ ರೀಸೆಟ್ ಮಾಡಬೇಕು. ಅಳತೆ ಬೇರೆಯ ಅಥವಾ ಹಳತು-ಹೊಸತು ಬೆರೆಸಿದ ಟೈರು ಹಾಕಿದರೂ ಅದಕ್ಕೆ ಗೊಂದಲವಾಗಬಹುದು. ಆದರೆ ಗಾಳಿ ಹಾಕಿಸದೆ ರೀಸೆಟ್ ಒತ್ತಬೇಡಿ. ಆಗ ಗಾಡಿ ಇಳಿದ ಗಾಳಿಯನ್ನೇ ಸರಿಯಾದದ್ದು ಎಂದು ಕಲಿತುಬಿಡುತ್ತದೆ. ಅದು ಟೇಪಿಗಿಂತ ಕೆಟ್ಟದ್ದು.

ನೇರ ವಿಧಾನದ ಗಾಡಿಯಾದರೆ ಸೆನ್ಸರ್ ನೋಡಿಸಬೇಕು. ಅದರ ಬ್ಯಾಟರಿ ಸಾಮಾನ್ಯವಾಗಿ 5ರಿಂದ 10 ವರ್ಷ ಬರುತ್ತದೆ. ಸೆನ್ಸರಿನೊಳಗೇ ಮುಚ್ಚಿರುವುದರಿಂದ ಮುಗಿದ ಮೇಲೆ ಹೆಚ್ಚಾಗಿ ಸೆನ್ಸರನ್ನೇ ಬದಲಿಸಬೇಕು. ಹೊಸ ಸೆನ್ಸರನ್ನು ಕಾರಿಗೆ ಪರಿಚಯ ಮಾಡಿಸಬೇಕು. ಸೆನ್ಸರ್ ಇಲ್ಲದ ಬೇರೆ ಡಿಸ್ಕ್ ಹಾಕಿಸಿದರೂ ದೀಪ ಆರುವುದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಟೈರ್ ಬಿಚ್ಚುವ ಮೊದಲು "ವಾಲ್ವ್ ಹತ್ರ ಸೆನ್ಸರ್ ಐತೆ, ಅಲ್ಲಿ ಲಿವರ್ ಹಾಕ್ಬೇಡಣ್ಣ" ಎಂದು ಹೇಳಿ. ಬಹಳ ಸೆನ್ಸರುಗಳು ಸಾಯುವುದು ಅಲ್ಲೇ. ಟೈರಿನೊಳಗೆ ಪಂಕ್ಚರ್ ದ್ರಾವಣ ಸುರಿಸುವವರೂ ಅದು ಸೆನ್ಸರಿಗೆ ಆಗುತ್ತದೆಯೇ ಎಂದು ಕೇಳಿಕೊಳ್ಳಿ. ಅದು ಸೆನ್ಸರಿನ ತೂತನ್ನು ಮುಚ್ಚಿಬಿಡಬಹುದು.

ದೀಪ ಇದೆಯೆಂದು ಗೇಜ್ ಮರೆಯಬೇಡಿ. 33 ಇರಬೇಕಾದಲ್ಲಿ 27 ಇದ್ದರೂ ಶೇ. 25ರ ನಿಯಮದ ಪ್ರಕಾರ ದೀಪ ಹತ್ತಬೇಕಾಗಿಲ್ಲ. ತಿಂಗಳಿಗೊಮ್ಮೆ ಗಾಳಿ ನೋಡಿಸುವ ಕೆಲಸ ನಮ್ಮದೇ.

ಅವತ್ತು ಚಿತ್ರದುರ್ಗಕ್ಕೆ ಇನ್ನೂ ದೂರವಿರುವಾಗಲೇ ಚಹಾ ಕುಡಿಯಲು ನಿಲ್ಲಿಸಿದೆವು. ಟೇಪ್ ಕಿತ್ತು ಮತ್ತೆ ಸ್ಟಾರ್ಟ್ ಮಾಡಿಸಿದೆವು. ದೀಪ ಒಂದು ನಿಮಿಷ ಮಿನುಗಿ ನಿಂತಿತು. "ನೋಡಿ ಸಾರ್, ಲೈಟೇ ಕೆಟ್ಟೋಗಿದೆ" ಅಂದರು ಡ್ರೈವರ್. ಅದು ನಿಜವೇ. ಮುಂದಿನ ಬಲ ಚಕ್ರದ ಸೆನ್ಸರಿನ ಬ್ಯಾಟರಿ ಮುಗಿದಿದೆ ಎಂದು ಆಮೇಲೆ ಮೆಕ್ಯಾನಿಕ್ ಸ್ಕ್ಯಾನರ್ ಹಚ್ಚಿ ಹೇಳಿದರು. ಆದರೆ ಪಕ್ಕದ ಪಂಕ್ಚರ್ ಅಂಗಡಿಯ ಗೇಜಿನಲ್ಲಿ ಮೂರು ಟೈರುಗಳು 31, 32 ತೋರಿಸಿದರೆ ಹಿಂದಿನ ಎಡ ಟೈರ್ ತೋರಿಸಿದ್ದು 22. ಸಣ್ಣ ಮೊಳೆಯೊಂದು ಎಂದಿನಿಂದಲೋ ಕೂತಿತ್ತು. ಕೆಟ್ಟ ಸೆನ್ಸರಿನಿಂದ ಹತ್ತಿದ ದೀಪ ಎಂಟು ತಿಂಗಳಿಂದ ಹತ್ತಿಕೊಂಡೇ ಇದ್ದದ್ದರಿಂದ ನಿಜವಾದ ತೊಂದರೆ ಬಂದಾಗ ಹೇಳಲು ಅದರ ಬಳಿ ಬೇರೆ ದಾರಿ ಇರಲಿಲ್ಲ.

ಡ್ರೈವರಣ್ಣ ಮೊಳೆಯನ್ನು ಅಂಗೈಯಲ್ಲಿಟ್ಟು ನೋಡಿದರು. ಅದೇ ಗಾಡಿಯಲ್ಲಿ ಹಿಂದಿನ ವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದಿದ್ದರಂತೆ. ಪಂಕ್ಚರ್ ಹಾಕಿಸಿ, ನಾಲ್ಕಕ್ಕೂ 33 ಹಾಕಿಸಿಕೊಂಡು ಹೊರಟೆವು. ಮುಂದಿನ ವಾರ ಸೆನ್ಸರ್ ಬದಲಿಸಿದ ಮೇಲೆ ಮೀಟರ್ ಬೋರ್ಡಿನ ಫೋಟೊ ಕಳಿಸಿದರು. ದೀಪ ಆರಿತ್ತು. ಟೇಪಿನ ಅಂಟು ಮಾತ್ರ ಅಲ್ಲೇ ಇತ್ತು.